ಯಾರಿಗೂ ಹೇಳಬೇಡ ಅಂದೆಯಲ್ಲ

ಪ್ರೀತಿಯ ಗೆಳೆಯಾ,

ನಿನ್ನ ಹೆಸರು ಬರೆಯುವುದಿಲ್ಲ, ಗಾಬರಿ ಬೀಳಬೇಡ. ಊರು ಮಂಡ್ಯ ಅಂತ ಮಾತ್ರ ಇರುತ್ತದೆ. ಇದನ್ನು ನಾಲ್ಕು ಜನರ ಮುಂದೆ ಇಡುವುದಕ್ಕೆ ನೀನು ಒಪ್ಪಿದ್ದೇ ದೊಡ್ಡದು.

ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡ ಮೇಲೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. "ಬೀದಿಯವರಿಗೆಲ್ಲ ಹರ್ನಿಯಾ ಆಪರೇಷನ್ ಅಂತ ಹೇಳಿದ್ದೀನಿ, ಯಾರಾದ್ರೂ ಕೇಳಿದ್ರೆ ನೀನೂ ಹಂಗೇ ಹೇಳು" ಅಂದೆ. ಕೇಳಿದರೆ ಹಾಗೇ ಹೇಳುತ್ತೇನೆ, ಅದು ಬಿಡು. ಆದರೆ ಹರ್ನಿಯಾ ಆದವನು ಸ್ವಲ್ಪ ದಿನಕ್ಕೆಲ್ಲ ಎದ್ದು ಎಲ್ಲರ ಜೊತೆ ಕೂತು ಎರಡು ಮುದ್ದೆ ಉಣ್ಣುತ್ತಾನೆ. ನೀನು ವರ್ಷವಾದರೂ ಉಣ್ಣುವುದಿಲ್ಲ. ಆಗ ಏನು ಹೇಳುತ್ತೀಯ? ಮೊದಲು ಹರ್ನಿಯಾ, ಆಮೇಲೆ ಗ್ಯಾಸ್ಟ್ರಿಕ್, ಆಮೇಲೆ ಶನಿವಾರದ ಒಪ್ಪತ್ತು. ಸುಳ್ಳು ಹೇಳಿ ಹೇಳಿ ಸುಸ್ತಾಗಿ, ಒಂದು ದಿನ ಯಾರದೋ ಬಲವಂತಕ್ಕೆ ತಿಂದುಬಿಡುತ್ತೀಯ. ತಿಂದು ಹಿತ್ತಲಿಗೆ ಹೋಗಿ ಕಕ್ಕುತ್ತೀಯ. ನನ್ನ ಹಾಗೆ ತೂಕದ ಆಪರೇಷನ್ ಆದ ನಮ್ಮ ಗುಂಪಿನವರಲ್ಲಿ ಇದನ್ನು ನೋಡಿದ್ದೇನೆ.

ಊರಿಗೆಲ್ಲ ಡಂಗುರ ಹೊಡೆಸು ಅನ್ನುತ್ತಿಲ್ಲ. ನಿನ್ನ ಜೊತೆ ಕೂತು ಉಣ್ಣುವವರಿಗೆ, ನಿನಗೆ ಬಡಿಸುವವರಿಗೆ ಗೊತ್ತಿರಲಿ. ನಿನ್ನ ಹೆಂಡತಿಗೆ ಗೊತ್ತು, ಸರಿ. ಅವ್ವನಿಗೆ ಹೇಳಿಲ್ಲ ಅಂದೆಯಲ್ಲ, ಅದು ಮಾತ್ರ ನನಗೆ ಸರಿ ಕಾಣಲಿಲ್ಲ. ನಿಮ್ಮ ಮನೆಯಲ್ಲಿ ಸೌಟು ಇನ್ನೂ ಅವ್ವನ ಕೈಯಲ್ಲೇ ಇದೆ. ಮಗ ಸೊರಗುತ್ತಿದ್ದಾನೆ ಅಂತ ಅವರು ಬೆಲ್ಲ ಹಾಕಿ ರಾಗಿ ಗಂಜಿ ಕಾಸುತ್ತಾರೆ, ಮೇಲೆ ಒಂದು ಚಮಚ ತುಪ್ಪ ಬಿಡುತ್ತಾರೆ. ನೀನು ಬೇಡ ಅಂದರೆ ಅವರಿಗೆ ಸಂಕಟ, ಕುಡಿದರೆ ನಿನಗೆ ಸಂಕಟ. ಹೇಳಿಬಿಡು ಕಣೋ. ಎರಡು ದಿನ ಅಳುತ್ತಾರೆ. ಮೂರನೇ ದಿನ ಬೇಳೆ ಕಟ್ಟು ಸೋಸಿ ಲೋಟದಲ್ಲಿ ತಂದುಕೊಡುತ್ತಾರೆ.

ಅವ್ವನಿಗೆ ಅರ್ಥ ಆಗುವ ಹಾಗೆ ಹೇಳುವುದೂ ಕಷ್ಟವಲ್ಲ. ನಿನಗೆ ಆಗಿರುವುದು ಸ್ಲೀವ್. ಜಠರದಲ್ಲಿ ಮುಕ್ಕಾಲು ಪಾಲಿನಷ್ಟು ತೆಗೆದಿದ್ದಾರೆ. ಉಳಿದಿರುವುದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಜಾಸ್ತಿ ತಯಾರಾಗುವ ಜಾಗವೂ ಆ ತೆಗೆದ ಭಾಗದಲ್ಲೇ ಇತ್ತು. ಅದಕ್ಕೇ ಈಗ ನಿನಗೆ ಹಸಿವೇ ಇಲ್ಲ. ಇದು ಹೀಗೇ ಇರುತ್ತದೆ ಅಂತ ನಂಬಿ ಕೂರಬೇಡ, ಕೆಲವು ತಿಂಗಳಾದ ಮೇಲೆ ಹಸಿವು ಮೆಲ್ಲಗೆ ವಾಪಸ್ ಬರುತ್ತದೆ. ಅಷ್ಟರಲ್ಲಿ ತಿನ್ನುವ ರೀತಿ ಬದಲಾಗಿರಬೇಕು. ನನಗೆ ಆಗಿದ್ದು ಬೈಪಾಸ್, ಹೃದಯದ್ದಲ್ಲ, ಜಠರದ್ದು. ಅದರಲ್ಲಿ ಜಠರದ ಮೇಲ್ಭಾಗದಲ್ಲಿ ಒಂದು ಸಣ್ಣ ಚೀಲ ಮಾಡಿ ಸೀದಾ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹಾಗಾಗಿ ನಾನು ಹೇಳಿದ್ದೆಲ್ಲ ನಿನಗೆ ಹಾಗ್ಹಾಗೇ ಅನ್ವಯ ಆಗುವುದಿಲ್ಲ. ನಿನ್ನ ಆಸ್ಪತ್ರೆಯವರು ಕೊಟ್ಟ ಚೀಟಿಯೇ ಮೊದಲು, ನನ್ನ ಮಾತು ಆಮೇಲೆ.

ಈಗ ಉಣ್ಣುವ ವಿಷಯ. ನಮ್ಮ ಕಡೆಯವರಿಗೆ ಈ ಆಪರೇಷನ್ ಯಾಕೆ ಇಷ್ಟು ಕಷ್ಟ ಅಂತ ನಾನು ಬಹಳ ಯೋಚಿಸಿದ್ದೇನೆ. ನಾವು ನುಂಗುವ ಜನ. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ ಅಂತ ನುಂಗುವುದನ್ನು ಚಿಕ್ಕಂದಿನಲ್ಲೇ ಕಲಿಸುತ್ತಾರೆ. ಮುದ್ದೆ ಅಗಿದರೆ "ಕರಾವಳಿಯವನಾ ನೀನು" ಅಂತ ನಗುತ್ತಾರೆ. ಈಗ ಡಾಕ್ಟರು ಒಂದು ತುತ್ತನ್ನು ಇಪ್ಪತ್ತು ಮೂವತ್ತು ಸಲ ಅಗಿ ಅನ್ನುತ್ತಾರೆ! ನೀರಿನದೂ ಅದೇ ಕತೆ. ಲೋಟ ಎತ್ತಿ, ತುಟಿಗೆ ತಾಗಿಸದೆ, ಗಟಗಟ ಬಾಯಿಗೆ ಸುರಿದುಕೊಳ್ಳುವುದು ನಮ್ಮ ಅಭ್ಯಾಸ. ಹಾಗೆ ಕುಡಿದರೆ ನೀರಿನ ಜೊತೆ ಗಾಳಿಯೂ ಒಳಗೆ ಹೋಗುತ್ತದೆ, ಎದೆ ಹಿಡಿದುಕೊಳ್ಳುತ್ತದೆ. ಎಂಜಲು ಗಿಂಜಲು ಅಂತ ಯೋಚಿಸದೆ ನಿನ್ನದೇ ಒಂದು ಲೋಟ ಬೇರೆ ಇಟ್ಟುಕೋ. ತುಟಿ ಇಟ್ಟು, ಗುಟುಕು ಗುಟುಕಾಗಿ ಕುಡಿ. ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆ ಆಗದಿದ್ದರೆ ಒಳ್ಳೆಯದು. ಆದರೆ ಊಟದ ಜೊತೆ ಬೇಡ. ಊಟ ಆಗಿ ಅರ್ಧ ಗಂಟೆ ಕಳೆಯಲಿ.

ಮೊದಲ ವಾರಗಳು ಬರೀ ನೀರು ಪದಾರ್ಥ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ಕೊನೆಗೆ ಮಾಮೂಲಿ ಊಟ. ಅಲ್ಲಿಗೆ ಬರುವಷ್ಟರಲ್ಲಿ ಸುಮಾರು ಎರಡು ತಿಂಗಳು ಹಿಡಿಯುತ್ತದೆ. ನಡುವೆ ಹಾರಿ ಮುಂದೆ ಹೋಗಬೇಡ. ಒಳಗಿನ ಹೊಲಿಗೆ ಹೊರಗೆ ಕಾಣುವುದಿಲ್ಲ.

ಎಲ್ಲರೂ ಪ್ರೋಟೀನ್ ಪ್ರೋಟೀನ್ ಅಂತ ಬಾಯಿ ಬಡಿದುಕೊಳ್ಳುವುದು ಸುಮ್ನೆ ಅಲ್ಲ. ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ ಬೇಕು ಅನ್ನುತ್ತಾರೆ. ಒಂದು ಕೋಳಿ ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಲೆಕ್ಕ ನೀನೇ ಹಾಕು. ರಾಗಿ ಒಳ್ಳೆಯದೇ, ಕ್ಯಾಲ್ಸಿಯಂ ಇದೆ, ನಾನು ಅದರ ವಿರೋಧಿಯಲ್ಲ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಏಳು ಗ್ರಾಂ ಹತ್ತಿರ ಮಾತ್ರ. ಇಷ್ಟೇ ಇಷ್ಟು ಜಾಗ ಇರುವ ಹೊಟ್ಟೆಯನ್ನು ಗಂಜಿಯಲ್ಲಿ ತುಂಬಿಸಿದರೆ ಬೇರೆಯದಕ್ಕೆ ಜಾಗ ಎಲ್ಲಿ? ಅದಕ್ಕೇ ಮೊದಲು ಮೊಟ್ಟೆ, ಮೊಸರು, ಪನೀರ್, ಮೀನು, ಚೆನ್ನಾಗಿ ಬೆಂದ ಕಾಳು. ಹುರುಳಿ ಕಟ್ಟಿನ ಸಾರು ನಿನಗೆ ಇಷ್ಟ ಅಲ್ವಾ, ಖಾರ ಕಡಿಮೆ ಮಾಡಿಸಿಕೊಂಡು ಕುಡಿ, ಆದರೆ ಹುರುಳಿಯನ್ನೂ ಅರೆದು ಅದಕ್ಕೆ ಬೆರೆಸಲು ಹೇಳು. ಸಾರ ಬರೀ ನೀರಿನಲ್ಲಿ ಇಲ್ಲ. ಹಿಂದಿನ ಕಾಲದವರು ಹಿತಕವರೆ ಸಾರು ಮಾಡುತ್ತಿದ್ದುದು ನಮ್ಮಂಥವರಿಗೇ ಇರಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಸಿಪ್ಪೆ ಇಲ್ಲ, ಮೆತ್ತಗೆ ಬೇಯುತ್ತದೆ, ಅಗಿಯುವುದು ಸುಲಭ. ಮೆತ್ತಗಿನ ಊಟಕ್ಕೆ ಬರುವ ಹೊತ್ತಿಗೆ ಅವರೆ ಕಾಲ ಇದ್ದರೆ ನಿನ್ನ ಪುಣ್ಯ.

ಅನ್ನ, ಮುದ್ದೆ, ಬ್ರೆಡ್ಡು, ಮಟನ್ ಪೀಸು ಬಹಳ ಜನಕ್ಕೆ ತಡವಾಗಿ ಸರಿಹೋಗುತ್ತವೆ. ಒಳಗೆ ಅಂಟಿಕೊಂಡ ಹಾಗೆ ಕೂತುಬಿಡುತ್ತವೆ. ಹೊಟ್ಟೆ ತುಂಬಿತು ಅಂತ ಹಳೆಯ ಥರ ಗೊತ್ತಾಗುವುದಿಲ್ಲ, ಬೇರೆ ಗುರುತು ಇರುತ್ತವೆ. ಕೆಲವರಿಗೆ ಬಿಕ್ಕಳಿಕೆ. ಕೆಲವರಿಗೆ ಮೂಗು ಸೋರುತ್ತದೆ. ನಮ್ಮ ಗುಂಪಿನ ಹೂವಿನ ಅಂಗಡಿ ಅಕ್ಕನಿಗೆ ಸೀನು ಬರುತ್ತದೆ, ಸೀನಿದ ಕೂಡಲೇ ತಟ್ಟೆ ಸರಿಸಿಬಿಡುತ್ತಾರೆ. ನಿನ್ನ ಗುರುತು ಯಾವುದು ಅಂತ ನೋಡಿಕೋ. ಅದು ಬಂದ ಮೇಲೆ ಇನ್ನೊಂದು ತುತ್ತೂ ಬೇಡ, ಎಲೆಯಲ್ಲಿ ಬಿಟ್ಟರೂ ಪರವಾಗಿಲ್ಲ. ಅನ್ನ ಬಿಸಾಕಬಾರದು ಅಂತ ಬೆಳೆದವರಿಗೆ ಇದೇ ಎಲ್ಲಕ್ಕಿಂತ ಕಷ್ಟ. ಮೊದಲೇ ಕಡಿಮೆ ಬಡಿಸಿಕೊಂಡರೆ ಆ ಪಾಪವೂ ಇಲ್ಲ.

ಇನ್ನು ಬೀಗರ ಔತಣ. ಮುಂದಿನ ತಿಂಗಳು ನಿಮ್ಮ ಚಿಕ್ಕಪ್ಪನ ಮನೆಯಲ್ಲಿ ಮದುವೆ ಇದೆ ಅಂದೆ. ಅಲ್ಲಿ ಏನು ನಡೆಯುತ್ತದೆ ಅಂತ ನಾನು ಹೇಳಬೇಕಾ? ಬಕೆಟ್ ಹಿಡಿದವನು ನಿನ್ನ ಮುಂದೆ ನಿಂತು "ಅಣ್ಣಂಗೆ ಇನ್ನೊಂದ್ ಮುದ್ದೆ ಹಾಕ್ಲಾ" ಅಂತ ಕೂಗುತ್ತಾನೆ. ಬೇಡ ಅಂದರೆ ಮರ್ಯಾದೆ ಮಾಡಿದ್ದು ಸಾಲದು ಅಂತ ಅಂದುಕೊಳ್ಳುತ್ತಾರೆ. ಬೇಗ ಹೋಗು. ಮುಯ್ಯಿ ಕೊಡು, ನಾಲ್ಕು ಜನರನ್ನು ಮಾತಾಡಿಸು. ಪಂಕ್ತಿಯಲ್ಲಿ ಕೂರುವುದೇ ಆದರೆ ವಿಷಯ ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೋ. ನಿನ್ನ ಭಾಮೈದ ಸರಿಯಾದ ಆಸಾಮಿ, ಎರಡೆಲೆ ಊಟ ಅವನೇ ಮುಗಿಸುತ್ತಾನೆ. ನೀನು ಮೊಟ್ಟೆ ಇದ್ದರೆ ಮೊಟ್ಟೆ, ಇಲ್ಲದಿದ್ದರೆ ಎರಡು ಮೆತ್ತಗಿನ ಪೀಸು ತೆಗೆದುಕೊಂಡು ನಿಧಾನಕ್ಕೆ ಅಗಿಯುತ್ತಾ ಕೂತಿರು. ಅಷ್ಟರಲ್ಲಿ ಪಂಕ್ತಿಯೇ ಎದ್ದಿರುತ್ತದೆ. ಅವತ್ತಿಗೆ ಚೀಟಿಯಲ್ಲಿ ಇನ್ನೂ ಗಟ್ಟಿ ಊಟ ಇಲ್ಲದಿದ್ದರೆ ಅದೂ ಬೇಡ, ಮಜ್ಜಿಗೆ ಕುಡಿದು ಬಾ.

ಮಂಡ್ಯದಲ್ಲಿ ನಿನಗೆ ನಿಜವಾದ ಶತ್ರು ಬಾಡೂಟ ಅಲ್ಲ, ಕಬ್ಬು. ಗಟ್ಟಿ ಪದಾರ್ಥವನ್ನು ಈ ಚಿಕ್ಕ ಹೊಟ್ಟೆ ತಡೆಯುತ್ತದೆ, ಕಬ್ಬಿನ ಹಾಲನ್ನು ತಡೆಯುವುದಿಲ್ಲ. ಜ್ಯೂಸು, ಬೆಲ್ಲದ ಕಾಫಿ, ಐಸ್‌ಕ್ರೀಮು ಎಲ್ಲ ಸಲೀಸಾಗಿ ಇಳಿದುಹೋಗುತ್ತವೆ. ಚಕ್ಕುಲಿ, ಬಿಸ್ಕತ್ತೂ ಅಷ್ಟೇ, ಅಗಿದರೆ ಕರಗಿ ಹೋಗುತ್ತವೆ. ಇಳಿದ ತೂಕ ಎರಡು ಮೂರು ವರ್ಷಕ್ಕೆ ವಾಪಸ್ ಬಂದವರನ್ನು ಕೇಳಿ ನೋಡು, ಜಾಸ್ತಿ ಜನ ಈ ದಾರಿಯಲ್ಲೇ ಹೋಗಿರುತ್ತಾರೆ. ಬೈಪಾಸ್ ಆದವರಿಗೆ ಸಿಹಿ ಅಲ್ಲೇ ಶಿಕ್ಷೆ ಕೊಡುತ್ತದೆ. ನಮ್ಮ ಮೇಷ್ಟ್ರೊಬ್ಬರು ಯುಗಾದಿಗೆ ಒಬ್ಬಟ್ಟು ತಿಂದು, ಕೈ ತೊಳೆದು ಸ್ವಲ್ಪ ಹೊತ್ತಿಗೇ ಬೆವೆತು, ಎದೆ ಡವಡವ ಹೊಡೆದುಕೊಂಡು, ಬಚ್ಚಲಿಗೆ ಓಡಿದರು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸ್ಲೀವ್‌ನವರಿಗೆ ಇದು ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ.

ಮಾತ್ರೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಇವು ತಿಂಗಳ ಕೋರ್ಸ್ ಅಲ್ಲ, ಬದುಕಿರುವವರೆಗೂ. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗಬೇಡ, ನಡುವೆ ಎರಡು ಗಂಟೆಯಾದರೂ ಇರಲಿ. ಹೇಳಿದಾಗೆಲ್ಲ ರಕ್ತ ಪರೀಕ್ಷೆ ಮಾಡಿಸು. ಮಂಡಿ ನೋವು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ನುಂಗುವ ನಿನ್ನ ಹಳೇ ಚಾಳಿ ಇವತ್ತಿಗೇ ನಿಲ್ಲಿಸು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದವು ಹುಣ್ಣು ಮಾಡುತ್ತವೆ. ಶುಗರ್ ಮಾತ್ರೆ, ಬಿಪಿ ಮಾತ್ರೆಯನ್ನು ಹಳೇ ಅಳತೆಯಲ್ಲೇ ನುಂಗುತ್ತಾ ಹೋಗಬೇಡ, ನೀನೇ ಬಿಡಲೂ ಬೇಡ. ಆಪರೇಷನ್ ಆದ ಮೇಲೆ ಶುಗರ್ ಬಹಳ ಬೇಗ ಇಳಿಯುತ್ತದೆ. ಮನೆಯಲ್ಲೇ ನೋಡಿ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸು. ಎಣ್ಣೆ ಪಾರ್ಟಿಗೆ ಹೋಗುವುದಾದರೆ ಕೇಳು: ಮೊದಲು ಮೂರು ಪೆಗ್ಗಿಗೆ ಏರುತ್ತಿದ್ದದ್ದು ಈಗ ಒಂದಕ್ಕೇ ಏರುತ್ತದೆ. ಊಟದಿಂದ ಸಿಗುತ್ತಿದ್ದ ಸಮಾಧಾನವನ್ನು ಬಾಟಲಿಯಲ್ಲಿ ಹುಡುಕಲು ಹೋದವರೂ ಇದ್ದಾರೆ. ಬೇಡ ಗುರು.

ಕೂದಲು ಮೂರನೇ ತಿಂಗಳ ಹೊತ್ತಿಗೆ ಉದುರಲು ಶುರುವಾಗುತ್ತದೆ. ಪ್ರೋಟೀನ್, ಕಬ್ಬಿಣ ಸರಿಯಾಗಿದ್ದರೆ ಸಾಮಾನ್ಯವಾಗಿ ತಿರುಗಿ ಬರುತ್ತದೆ. ಮಾದಪ್ಪನಿಗೆ ಮುಡಿ ಕೊಡುವ ಹರಕೆ ಬಾಕಿ ಇದ್ದರೆ ಅದರೊಳಗೆ ತೀರಿಸಿಬಿಡು, ಆಮೇಲೆ ಕೊಡಲು ಉಳಿದಿರಬೇಕಲ್ಲ.

ಇದೊಂದು ಮಾತ್ರ ನಗುವ ವಿಷಯವಲ್ಲ, ನಿನ್ನ ಹೆಂಡತಿಗೂ ಓದಿಸು. ಜ್ವರ, ಸುಮ್ಮನೆ ಕೂತಿದ್ದರೂ ಎದೆ ಜೋರಾಗಿ ಹೊಡೆದುಕೊಳ್ಳುವುದು, ಹೊಟ್ಟೆನೋವು ಹೆಚ್ಚುತ್ತಾ ಹೋಗುವುದು, ಎಡ ಭುಜಕ್ಕೆ ನೋವು, ಉಸಿರು ಕಟ್ಟುವುದು, ಒಂದೇ ಕಾಲು ಊದಿಕೊಂಡು ನೋಯುವುದು, ಕಪ್ಪಗೆ ಮಲ ಹೋಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡ, ನನಗೆ ಫೋನೂ ಮಾಡಬೇಡ, ಸೀದಾ ಆಸ್ಪತ್ರೆಗೆ ಹೋಗು. ದಿನಗಟ್ಟಲೆ ವಾಂತಿ ನಿಲ್ಲದಿದ್ದರೂ ಹಾಗೇ. ದೇಹದಲ್ಲಿ ಬಿ1 ಕರಗಿಹೋಗಿ ನರಕ್ಕೆ, ಮಿದುಳಿಗೆ ಪೆಟ್ಟು ಬೀಳಬಹುದು. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಆಪರೇಷನ್ ಆಗಿರುವುದನ್ನು ಮೊದಲು ಹೇಳು. ಅಲ್ಲಿ ಹೋಗಿ ಹರ್ನಿಯಾ ಅಂದೀಯ, ಹುಷಾರು.

ತೂಕ ದಿನಾ ನೋಡಬೇಡ, ವಾರಕ್ಕೊಂದು ಸಲ ಸಾಕು. ಮೂರನೇ ನಾಲ್ಕನೇ ವಾರದಲ್ಲಿ ಮುಳ್ಳು ಅಲುಗಾಡದೆ ನಿಂತುಬಿಡುತ್ತದೆ, ಬಹಳ ಜನಕ್ಕೆ ಆಗುತ್ತದೆ. ತಾನಾಗಿ ಮತ್ತೆ ಇಳಿಯುತ್ತದೆ. ಆಮೇಲೆ ಶುರುವಾಗುವುದು ಜನರ ಬಾಯಿ. ದಪ್ಪ ಇದ್ದಾಗ "ಏನ್ಲಾ ಹಿಂಗೆ ಊದಿದ್ದೀಯ" ಅಂದವರೇ ಈಗ "ಯಾಕ್ಲಾ ಹಿಂಗಾಗಿದ್ದೀಯ, ಶುಗರ್ ಬಂತಾ" ಅನ್ನುತ್ತಾರೆ. ನಮ್ಮ ಕಡೆ ಸಣ್ಣಗಾದವನು ಅಂದರೆ ಕಾಯಿಲೆಯವನೇ. ಸುಲಭದ ದಾರಿ ಹಿಡಿದ ಅಂತ ಹೀಯಾಳಿಸುವವರೂ ಸಿಗುತ್ತಾರೆ. ಒಂದು ವಾರ ಬೇಳೆ ಕಟ್ಟು ಕುಡಿದು ನೋಡಲಿ ಅವರು! ಕೋಪ ಬರುತ್ತದೆ, ಕೆಲವೊಮ್ಮೆ ಸುಮ್ಮಸುಮ್ಮನೆ ಅಳುವೂ ಬರುತ್ತದೆ. ಬೇಜಾರಾದಾಗ ಹೋಟೆಲಿಗೆ ನುಗ್ಗಿ ಮಸಾಲೆ ದೋಸೆ ಹೇಳುತ್ತಿದ್ದವನಿಗೆ ಈಗ ಆ ದಾರಿಯೂ ಇಲ್ಲ. ಈ ಖಾಲಿತನ ತಿಂಗಳಾದರೂ ಬಿಡದಿದ್ದರೆ ಮನಸ್ಸಿನ ಡಾಕ್ಟರನ್ನು ಕಾಣು, ನಾಚಿಕೆ ಬೇಡ.

ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಇಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೇರುತ್ತೇವೆ. ನಡೆಯುತ್ತೇವೆ, ಕೂರುತ್ತೇವೆ, ಹರಟುತ್ತೇವೆ. ಮೇಷ್ಟ್ರು, ಹೂವಿನ ಅಕ್ಕ, ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ, ಇನ್ನೂ ಆಪರೇಷನ್ ಮಾಡಿಸಿಕೊಳ್ಳಲೋ ಬೇಡವೋ ಅಂತ ಒದ್ದಾಡುತ್ತಿರುವ ಒಬ್ಬರು. ಯಾರೂ ಯಾರಿಗೂ ಮಾತ್ರೆ ಹೇಳುವ ಹಾಗಿಲ್ಲ, ಯಾರ ತೂಕ ಎಷ್ಟಿಳಿಯಿತು ಅಂತ ಪೈಪೋಟಿ ಇಲ್ಲ. ಆ ಹುಡುಗ ಮೊದಲ ಸಲ ಬಂದಾಗ ಬಾಯೇ ಬಿಡಲಿಲ್ಲ. ಅಕ್ಕ ತಮಗೆ ಸೀನು ಬರುವ ಕತೆ ಹೇಳಿದ ಮೇಲೆ "ನಂಗೂ ಮೂಗು ಸೋರುತ್ತೆ, ನಂಗೊಬ್ಬನಿಗೇ ಅನ್ಕೊಂಡಿದ್ದೆ" ಅಂದ. ಡಾಕ್ಟರಿಗೆ ಹೊಲಿಗೆ ಗೊತ್ತು, ಡಯಟಿಷಿಯನ್ನಿಗೆ ಗ್ರಾಂ ಗೊತ್ತು. ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗ ಏನಾಗುತ್ತದೆ ಅನ್ನುವುದು ಅಲ್ಲಿ ಕೂತು ಎದ್ದು ಬಂದವರಿಗೇ ಗೊತ್ತು.

ಡಾಕ್ಟರು ಪ್ರಯಾಣ ಮಾಡಬಹುದು ಅಂದ ಮೇಲೆ ಬೆಳಗಿನ ರೈಲಿಗೆ ಬಾ. ಸ್ಟೇಷನ್ನಿಗೆ ನಾನೇ ಬರುತ್ತೇನೆ, ಭಾರ ಏನೂ ಹೊತ್ತು ತರಬೇಡ. ಡಿಸ್ಚಾರ್ಜ್ ಚೀಟಿ, ನೀರಿನ ಬಾಟಲಿ ಎರಡು ಸಾಕು. ಆಗುವುದಾದರೆ ಅವ್ವನನ್ನೂ ಕರೆದುಕೊಂಡು ಬಾ. ಹೂವಿನ ಅಕ್ಕ ಅವರ ಜೊತೆ ಮಾತಾಡುತ್ತಾರೆ. ನೀನು ಹೇಳಲಾರದ್ದನ್ನು ಅವರು ಹತ್ತು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ.

ನಿನ್ನ,
ಮೈಸೂರಿನ ಗೆಳೆಯ