ನನ್ನನ್ನು ಟವರ್‌ನಿಂದ ಇಳಿಸಿದವರಿಗೆ

ಹವ್ಯಾಸಿ ರೇಡಿಯೊ ಬಳಗದ ಗೆಳೆಯರೆಲ್ಲರಿಗೂ ನಮಸ್ಕಾರ.

71ನೆಯ ವಯಸ್ಸಿನಲ್ಲಿ, 18 ಮೀಟರ್ ಎತ್ತರದ ನನ್ನ ಆಂಟೆನಾ ಟವರ್‌ನ ಮುಕ್ಕಾಲು ಭಾಗ ಏರಿ, ಕೆಟ್ಟು ನಿಂತಿದ್ದ ರೊಟೇಟರ್ (ಆಂಟೆನಾ ತಿರುಗಿಸುವ ಮೋಟಾರು) ನೋಡಲು ಕತ್ತೆತ್ತಿದಾಗ ನನಗೆ ತಲೆ ಸುತ್ತಿತು. ರಕ್ತದೊತ್ತಡದ ಮಾತ್ರೆ ಬದಲಾಗಿ ಒಂದು ವಾರವಷ್ಟೇ ಆಗಿತ್ತು. ಸೊಂಟದಲ್ಲಿ ಹಳೆಯ ಚರ್ಮದ ಬೆಲ್ಟ್ ಇದ್ದರೂ ಅದರ ಕೊಕ್ಕೆಯನ್ನು ನಾನಿನ್ನೂ ಟವರ್‌ಗೆ ಸಿಕ್ಕಿಸಿರಲಿಲ್ಲ.

ಮೊದಲ ಕೃತಜ್ಞತೆ ಅಂದು ಕೆಳಗೆ ನಿಂತಿದ್ದ ಕಿರಿಯ ಗೆಳೆಯನಿಗೆ. ಐದು ನಿಮಿಷದ ಕೆಲಸ, ಬರುವುದು ಬೇಡವೆಂದು ನಾನು ಹೇಳಿದ್ದರೂ ಆತ ಬಂದಿದ್ದ. ಗಾಬರಿಯಿಂದ ಕೂಗದೆ, "ಸಾರ್, ಎರಡೂ ತೋಳಿನಿಂದ ಟವರ್ ತಬ್ಬಿಕೊಳ್ಳಿ, ಕಣ್ಣೆದುರಿನ ಬೋಲ್ಟ್ ಒಂದನ್ನೇ ನೋಡಿ" ಎಂದ. ಸತುವಿನ ಲೇಪ ಸವೆದು ತಲೆಯ ಒಂದು ಮೂಲೆ ತುಕ್ಕು ಹಿಡಿದಿದ್ದ ಆ ಬೋಲ್ಟ್ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ. ತಲೆ ತಿಳಿಯಾದ ಮೇಲೆ ಆತ ಒಂದೊಂದೇ ಮೆಟ್ಟಿಲು ಎಣಿಸುತ್ತ ನನ್ನನ್ನು ಇಳಿಸಿಕೊಂಡ.

ಎರಡನೆಯವರು ನನಗಿಂತ ಹಿರಿಯರಾದ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ) ಒಬ್ಬರು. ಮರುದಿನ ಅವರು ಪೂರ್ಣ ದೇಹದ ಹಾರ್ನೆಸ್ (ಭುಜ, ಎದೆ, ತೊಡೆಗಳನ್ನು ಸುತ್ತುವ ಸುರಕ್ಷಾ ಪಟ್ಟಿ) ಒಂದನ್ನು ತಂದು ಮೇಜಿನ ಮೇಲಿಟ್ಟರು. ಸೊಂಟದ ಬೆಲ್ಟ್ ಕೈ ಬಿಟ್ಟು ಕೆಲಸ ಮಾಡಲು ಆಸರೆಯೇ ಹೊರತು ಬಿದ್ದವನನ್ನು ಹಿಡಿಯುವ ಸಾಧನವಲ್ಲವೆಂದೂ, ಎರಡು ಲ್ಯಾನ್ಯಾರ್ಡ್‌ಗಳನ್ನು (ಕೊಕ್ಕೆಯುಳ್ಳ ಸುರಕ್ಷಾ ಹಗ್ಗಗಳನ್ನು) ಒಂದಾದ ಮೇಲೊಂದರಂತೆ ಸಿಕ್ಕಿಸುತ್ತ ಏರಿದರೆ ಮಾತ್ರ ಒಂದು ಕೊಕ್ಕೆ ಸದಾ ಟವರ್‌ನಲ್ಲಿರುತ್ತದೆಂದೂ ವಿವರಿಸಿದರು. ನಾನು ಖುಷಿಯಿಂದ ಅದರ ಬೆಲೆ ವಿಚಾರಿಸುತ್ತಿರುವಾಗಲೇ, ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವವನ ಕಾಲಿನಲ್ಲಿ ರಕ್ತ ನಿಂತು ನಿಮಿಷಗಳಲ್ಲೇ ಪ್ರಾಣಕ್ಕೆ ಕುತ್ತಾಗಬಹುದೆಂದು ತಿಳಿಸಿ, "ನಿಮ್ಮನ್ನು ಇಳಿಸಲು ಮೇಲೆ ಹತ್ತುವವರು ಯಾರು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಟವರ್ ತೆಗೆಸುವ ನಿರ್ಧಾರ ಆ ಮೇಜಿನ ಬಳಿಯೇ ಆಯಿತು.

ತೆಗೆದುಕೊಟ್ಟ ನಾಲ್ವರಿಗೂ ನಾನು ಋಣಿ. ಯಾರೂ ಅರಿಯದೆ ಟ್ರಾನ್ಸ್‌ಮಿಟರ್ ಚಾಲೂ ಮಾಡದಂತೆ ಅದರ ಫ್ಯೂಸ್ ಕಿತ್ತು ಒಬ್ಬರು ಜೇಬಿಗಿಳಿಸಿಕೊಂಡರು. ಟವರ್ ವಾಲದಂತೆ ಎಳೆದು ಹಿಡಿಯುವ ತಾತ್ಕಾಲಿಕ ಗೈ ವೈರ್ ಬಿಗಿಯುವವರೆಗೆ ಹಳೆಯದನ್ನು ಮುಟ್ಟಲಿಲ್ಲ. ಯಾಗಿಯನ್ನು (ಒಂದೇ ದಿಕ್ಕಿಗೆ ಬಲವಾಗಿ ಕೆಲಸ ಮಾಡುವ ಆಂಟೆನಾವನ್ನು) ಹಗ್ಗ, ರಾಟೆಗಳಿಂದ ಇಳಿಸುವಾಗ ಹೆಲ್ಮೆಟ್ ಇಲ್ಲದ ನನ್ನನ್ನು ಗದರಿ ದೂರ ಕಳುಹಿಸಿದರು, ಅದಕ್ಕೂ ಧನ್ಯವಾದ.

ಈಗಿರುವುದು 9 ಮೀಟರ್‌ನ ಮಡಚುವ ಕಂಬ. ವಿದ್ಯುತ್ ತಂತಿಯಿಂದ ಅದರ ಎತ್ತರದ ಒಂದೂವರೆ ಪಟ್ಟಿಗೂ ಹೆಚ್ಚು ದೂರ ಅಳೆದು ನೆಟ್ಟಿದ್ದಾರೆ. ಕೈ ವಿಂಚ್ (ಹಗ್ಗ ಸುತ್ತುವ ಯಂತ್ರ) ತಿರುಗಿಸಿದರೆ ಕಂಬದ ತುದಿ ನನ್ನ ಎದೆಮಟ್ಟಕ್ಕೆ ಬರುತ್ತದೆ. 14 ಮೆಗಾಹರ್ಟ್ಸ್‌ಗೆ ಸುಮಾರು 10 ಮೀಟರ್ ಉದ್ದದ ತಂತಿ ಡೈಪೋಲ್ (ನಡುವೆ ಸಂಪರ್ಕ ಕೊಡುವ ಸರಳ ಆಂಟೆನಾ) ಸಾಕಾಗಿದೆ. ಯಾಗಿಯ ಬಲ ಇದಕ್ಕಿಲ್ಲ, ದೂರದ ಕ್ಷೀಣ ಸ್ವರಗಳು ಕೆಲವು ಈಗ ಕೇಳುವುದಿಲ್ಲ. ಆ ಬೇಸರವನ್ನು ಮುಚ್ಚಿಡಲಾರೆ.

ಚರ್ಮದ ಬೆಲ್ಟನ್ನು ಮತ್ತಾರೂ ಕಟ್ಟಿಕೊಳ್ಳಬಾರದೆಂದು ಎರಡು ತುಂಡಾಗಿ ಕತ್ತರಿಸಿ ಎಸೆದಿದ್ದೇನೆ.