ಎದೆಬಡಿತದಿಂದ ಕ್ಯಾಲೊರಿ: ಕಣ್ಣಳತೆಯ ಲೆಕ್ಕ

ಮಾನ್ಯ ಸಂಪಾದಕರೇ,

ಸ್ಮಾರ್ಟ್‌ವಾಚ್ ತೋರಿಸುವ ಕ್ಯಾಲೊರಿಯನ್ನು ನೋಡಿಕೊಂಡು ದಿನದ ಊಟದ ಪ್ರಮಾಣವನ್ನು ನಿರ್ಧರಿಸಬಹುದು ಎಂದು ತಮ್ಮ ಆರೋಗ್ಯ ಪುರವಣಿಯ ಲೇಖನವೊಂದು ಸಲಹೆ ನೀಡಿದ್ದನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಕೆಲವು ವರ್ಷಗಳಿಂದ ನಾನೂ ಇಂಥ ಸಾಧನವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿರುವವನೇ. ಅದರ ಮೇಲೆ ನನಗೆ ಹಗೆಯಿಲ್ಲ. ಆದರೆ ಅದು ಎಣಿಸಿ ಹೇಳುವುದು ಯಾವುದನ್ನು, ಊಹಿಸಿ ಹೇಳುವುದು ಯಾವುದನ್ನು ಎಂಬ ಭೇದವನ್ನು ಲೇಖನ ಎಲ್ಲಿಯೂ ಗುರುತಿಸಿರಲಿಲ್ಲ.

ಸಾಧನ ಎಣಿಸುವುದು ಹೃದಯಬಡಿತವನ್ನು. ಅದರ ಹಿಂಬದಿಯ ಪುಟ್ಟ ದೀಪಗಳು ಚರ್ಮದೊಳಕ್ಕೆ ಹಸಿರು ಬೆಳಕನ್ನು ಹಾಯಿಸುತ್ತವೆ. ರಕ್ತ ಆ ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ, ಪ್ರತಿ ಬಡಿತಕ್ಕೂ ಸಣ್ಣ ರಕ್ತನಾಳಗಳು ತುಂಬಿದಾಗ ಹಿಂದಿರುಗಿ ಬರುವ ಬೆಳಕು ತುಸು ಕಡಿಮೆಯಾಗುತ್ತದೆ, ಮತ್ತು ಈ ಏರಿಳಿತದಿಂದಲೇ ಬಡಿತದ ಲೆಕ್ಕ ಸಿಗುತ್ತದೆ. ಪಟ್ಟಿ ಸಡಿಲವಾಗಿದ್ದರೆ ಅಥವಾ ಚರ್ಮದ ಮೇಲೆ ಹಚ್ಚೆಯಿದ್ದರೆ ಎಣಿಕೆ ತಪ್ಪುವುದುಂಟು. ಓಡುವಾಗ ಹೆಜ್ಜೆಯ ಲಯವನ್ನೇ ಎದೆಬಡಿತವೆಂದು ಭಾವಿಸುವುದೂ ಉಂಟು. ಇಷ್ಟಾದರೂ ಈ ಭಾಗ ಬಹುಮಟ್ಟಿಗೆ ನಂಬಿಕೆಗೆ ಅರ್ಹ.

ಕ್ಯಾಲೊರಿಯ ಮಾತು ಬೇರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 60 ಮಂದಿ ಸ್ವಯಂಸೇವಕರಿಗೆ 7 ಬಗೆಯ ಸಾಧನಗಳನ್ನು ಕಟ್ಟಿ, ಅವರು ನಡೆಯುವಾಗ, ಓಡುವಾಗ ಮತ್ತು ಸೈಕಲ್ ತುಳಿಯುವಾಗ ಉಸಿರಿನ ಅನಿಲಗಳನ್ನು ಅಳೆದು ಹೋಲಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೃದಯಬಡಿತದಲ್ಲಿ 6 ಸಾಧನಗಳ ದೋಷ ಶೇ 5ರೊಳಗಿತ್ತು. ಕ್ಯಾಲೊರಿಯಲ್ಲಾದರೋ ಎಲ್ಲಕ್ಕಿಂತ ಉತ್ತಮವಾದ ಸಾಧನವೇ ಸರಾಸರಿ ಶೇ 27ರಷ್ಟು ತಪ್ಪಿತ್ತು. ಕೊನೆಯ ಸ್ಥಾನದ್ದು ಶೇ 93ರಷ್ಟು. ಆ ಮಾದರಿಗಳು ಈಗ ಹಳೆಯವು, ಇಂದಿನವು ಸುಧಾರಿಸಿವೆ ಎಂದು ಯಾರಾದರೂ ವಾದಿಸಬಹುದು. ಸುಧಾರಿಸಿರಲಿ, ಆದರೆ ದೋಷದ ಬೇರು ದೀಪದಲ್ಲಿಯೂ ಇಲ್ಲ, ಚಿಪ್‌ನಲ್ಲಿಯೂ ಇಲ್ಲ.

ದೇಹ ಒಂದು ಲೀಟರ್ ಆಮ್ಲಜನಕವನ್ನು ಬಳಸಿದಾಗ ಸುಮಾರು 5 ಕಿಲೊಕ್ಯಾಲೊರಿ (ನಿತ್ಯದ ಮಾತಿನಲ್ಲಿ ‘ಕ್ಯಾಲೊರಿ’ ಎನ್ನುವುದು ಇದನ್ನೇ) ಶಕ್ತಿ ವ್ಯಯವಾಗುತ್ತದೆ. ಹೀಗಾಗಿ ನಿಜವಾಗಿ ತಿಳಿಯಬೇಕಾದದ್ದು ಆಮ್ಲಜನಕದ ಬಳಕೆ, ಮತ್ತು ಅದು ಮೂರು ಸಂಗತಿಗಳ ಗುಣಲಬ್ಧ: ನಿಮಿಷಕ್ಕೆ ಎಷ್ಟು ಬಡಿತ, ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತವೆಷ್ಟು, ಆ ರಕ್ತದಿಂದ ದೇಹ ಹೀರಿಕೊಳ್ಳುವ ಆಮ್ಲಜನಕವೆಷ್ಟು. ಮಣಿಕಟ್ಟಿನ ಸಾಧನಕ್ಕೆ ಕಾಣಿಸುವುದು ಮೊದಲನೆಯದು ಮಾತ್ರ. ಉಳಿದೆರಡನ್ನು ಅದು ವಯಸ್ಸು, ತೂಕ, ಲಿಂಗಗಳನ್ನು ನೋಡಿ ಸರಾಸರಿ ಮನುಷ್ಯನ ಲೆಕ್ಕದಲ್ಲಿ ತುಂಬಿಕೊಳ್ಳುತ್ತದೆ. ಒಂದೇ ವಯಸ್ಸಿನ, ಒಂದೇ ತೂಕದ ಇಬ್ಬರ ಹೃದಯ ನಿಮಿಷಕ್ಕೆ 140 ಬಾರಿ ಬಡಿಯುತ್ತಿದೆ ಎನ್ನೋಣ. ಒಬ್ಬರದು ಬಡಿತಕ್ಕೆ 80 ಮಿಲಿಲೀಟರ್, ವರ್ಷಗಟ್ಟಲೆ ಓಡಿ ಪಳಗಿದ ಇನ್ನೊಬ್ಬರದು 120 ಮಿಲಿಲೀಟರ್ ರಕ್ತವನ್ನು ದೂಡುತ್ತಿದ್ದು, ಇಬ್ಬರ ದೇಹವೂ ಲೀಟರ್ ರಕ್ತಕ್ಕೆ 120 ಮಿಲಿಲೀಟರ್ ಆಮ್ಲಜನಕವನ್ನು ಹೀರಿಕೊಂಡರೆ, ಅರ್ಧ ಗಂಟೆಯಲ್ಲಿ ಮೊದಲಿನವರು ಸುಮಾರು 200, ಎರಡನೆಯವರು ಸುಮಾರು 300 ಕಿಲೊಕ್ಯಾಲೊರಿ ವ್ಯಯಿಸಿರುತ್ತಾರೆ. ಬಡಿತವನ್ನಷ್ಟೇ ನೆಚ್ಚಿದ ಸೂತ್ರ ಇಬ್ಬರಿಗೂ ಒಂದೇ ಸಂಖ್ಯೆಯನ್ನು ಹೇಳುತ್ತದೆ.

ಎದೆಬಡಿತ ಏರುವುದು ಸ್ನಾಯುಗಳ ದುಡಿಮೆಯಿಂದ ಮಾತ್ರವೂ ಅಲ್ಲ. ಕಾಫಿ, ಸೆಕೆ, ಜ್ವರ, ಆತಂಕ ಎಲ್ಲವೂ ಅದನ್ನು ಏರಿಸುತ್ತವೆ. ಸಭೆಯೊಂದರಲ್ಲಿ ಮಾತನಾಡುವ ಸರದಿಗಾಗಿ ಕುರ್ಚಿಯಲ್ಲಿ ಕಾಯುತ್ತಿದ್ದ ನನ್ನ ಬಡಿತ ಒಮ್ಮೆ ನೂರು ದಾಟಿತ್ತು. ಆಗ ನಾನು ಕರಗಿಸಿದ್ದು ಧೈರ್ಯವನ್ನೇ ಹೊರತು ಕೊಬ್ಬನ್ನಲ್ಲ. ಭಾರ ಎತ್ತುವಾಗಲೂ ಆಮ್ಲಜನಕದ ಬಳಕೆಗೆ ಮೀರಿ ಬಡಿತ ಏರುತ್ತದೆ. ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಲ್ಲಿ ಇದಕ್ಕೆ ವಿರುದ್ಧವಾಗಿ, ಎಷ್ಟು ದುಡಿದರೂ ಬಡಿತ ತಗ್ಗಿಯೇ ಇರುತ್ತದೆ. ಚಲನೆಯನ್ನು ಅರಿಯುವ ಸಂವೇದಕಗಳನ್ನೂ ಜೊತೆಗಿಟ್ಟುಕೊಂಡು ಸಾಧನಗಳು ಇಂಥ ತಪ್ಪುಗಳನ್ನು ಸ್ವಲ್ಪ ತಿದ್ದಿಕೊಳ್ಳುತ್ತವೆ, ಪೂರ್ತಿಯಾಗಿ ಅಲ್ಲ.

ಸಂಖ್ಯೆ ತಪ್ಪಾದರೂ ನಿನ್ನೆಯದನ್ನು ಇಂದಿನದರೊಂದಿಗೆ ಹೋಲಿಸಬಹುದಲ್ಲ ಎಂಬ ಸಮಾಧಾನವನ್ನು ನಾನೂ ಬಹುಕಾಲ ಹೇಳಿಕೊಂಡಿದ್ದೆ. ಒಂದೇ ಬಗೆಯ ವ್ಯಾಯಾಮದಲ್ಲಿ, ಕೆಲವು ದಿನಗಳ ಮಟ್ಟಿಗೆ ಅದು ಸರಿ. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಹೃದಯ ಬಲಗೊಂಡ ಮೇಲೆ, ಅದೇ ದಾರಿಯನ್ನು ಅದೇ ವೇಗದಲ್ಲಿ ನಡೆದಾಗ ಬಡಿತ ಮೊದಲಿಗಿಂತ ಕಡಿಮೆಯಾಗುತ್ತದೆ. ತೂಕ ಬದಲಾಗದಿದ್ದರೆ ದೇಹ ವ್ಯಯಿಸುವ ಶಕ್ತಿಯಲ್ಲಿ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ, ಆದರೂ ಬಡಿತವನ್ನು ನೆಚ್ಚಿದ ಲೆಕ್ಕ ಕ್ಯಾಲೊರಿಯನ್ನು ಇಳಿಸುತ್ತದೆ.

ಊಟದ ಲೆಕ್ಕಕ್ಕೆ ಬಂದರೆ ಇನ್ನೊಂದು ತೊಡಕಿದೆ. ಕೆಲವು ಸಾಧನಗಳು ತೋರಿಸುವ ಒಟ್ಟು ಸಂಖ್ಯೆಯಲ್ಲಿ, ಸುಮ್ಮನೆ ಮಲಗಿದ್ದರೂ ವ್ಯಯವಾಗುತ್ತಿದ್ದ ಶಕ್ತಿಯೂ ಸೇರಿರುತ್ತದೆ. ಅದನ್ನು ಪೂರ್ತಿಯಾಗಿ ವ್ಯಾಯಾಮದ ಗಳಿಕೆಯೆಂದು ತಿಳಿದು ಅಷ್ಟೇ ಹೆಚ್ಚು ಉಂಡವರು ಒಂದೇ ಶಕ್ತಿಯನ್ನು ಎರಡು ಸಲ ಲೆಕ್ಕ ಹಾಕಿದಂತಾಗುತ್ತದೆ.

ತಯಾರಕರು 412 ಎಂಬಂಥ ನಿಖರತೆಯ ಸೋಗನ್ನು ಬಿಟ್ಟು, 300ರಿಂದ 500 ಎಂಬಂತೆ ಅಂತರವನ್ನು ತೋರಿಸುವುದು ಹೆಚ್ಚು ಪ್ರಾಮಾಣಿಕವಾದೀತು. ಅವರು ಹಾಗೆ ಮಾಡುವವರೆಗೆ, ತಮ್ಮ ಪುರವಣಿಯಲ್ಲಿ ಇಂಥ ಸಂಖ್ಯೆಗಳನ್ನು ಮುದ್ರಿಸುವಾಗಲಾದರೂ ಅವುಗಳ ಪಕ್ಕದಲ್ಲಿ ದೋಷದ ಪ್ರಮಾಣವನ್ನು ನಮೂದಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ