ಅಜ್ಜಿ ಬಗ್ಗೆ ಬರೆಯುವ ಮೊದಲು

ತಿಪಟೂರು

ಪುಟ್ಟೀ,

ನಿನಗೆ ಚಿಕ್ಕಜ್ಜಿಯ ಆಶೀರ್ವಾದ. ವರ್ಷದ ತಿಥಿ ದಿನ ಎಲ್ಲರೂ ಸೇರಿದಾಗ ಅಜ್ಜಿ ಬಗ್ಗೆ ನಾಲ್ಕು ಮಾತು ಓದಬೇಕು, ಬರೆಯೋಕೆ ಕೂತರೆ ಪೇಪರಿನ ಶ್ರದ್ಧಾಂಜಲಿ ಥರಾನೇ ಬರುತ್ತೆ ಅಂತ ಫೋನಿನಲ್ಲಿ ಬೇಜಾರು ಮಾಡಿಕೊಂಡೆಯಲ್ಲ. ಬರೆದಷ್ಟನ್ನು ಓದಿಯೂ ಹೇಳಿದೆ. ತ್ಯಾಗಮಯಿ, ಸಹನಾಮೂರ್ತಿ, ಮಮತೆಯ ಕಡಲು. ಅದರಲ್ಲಿ ಸುಳ್ಳು ಒಂದೂ ಇಲ್ಲ ಮಗಳೇ. ಆದರೆ ಆ ಮಾತಿನ ಮೇಲೆ ಯಾರ ಫೋಟೋ ಹಾಕಿದರೂ ನಡೆಯುತ್ತದೆ, ಅಲ್ವಾ? ಇದನ್ನು ಆಗಲೇ ಹೇಳಬೇಕಿತ್ತು, ಗಂಟಲು ಕಟ್ಟಿಬಿಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಜ್ಜಿಯೂ ನಾನೂ ಓರಗಿತ್ತಿಯರು, ನನಗೆ ಅವಳು ಅಕ್ಕ. ಅಕ್ಕ ಈ ಮನೆಗೆ ಸೊಸೆಯಾಗಿ ಬಂದದ್ದು 1969ರಲ್ಲಿ, ನಾನು 1974ರಲ್ಲಿ. ಮಕ್ಕಳು ಕಂಡ ಅಮ್ಮ ಬೇರೆ, ಮೊಮ್ಮಕ್ಕಳು ಕಂಡ ಅಜ್ಜಿ ಬೇರೆ. ಅವಳು ಕೆಲಸ ಮಾಡುವಾಗ ಪಕ್ಕದಲ್ಲಿ ಕೂತಿದ್ದವಳು ನಾನು. ನಿನ್ನ ಬರಹವೂ ಅವಳ ಕೆಲಸದಿಂದಲೇ ಶುರುವಾಗಲಿ.

ನಮ್ಮೂರಿನ ಉಂಡೆ ಕೊಬ್ಬರಿ ಉತ್ತರದ ಕಡೆಗೆಲ್ಲ ಹೋಗುತ್ತದೆ, ಅಲ್ಲಿನವರ ಸಿಹಿತಿಂಡಿಗೆ, ಪೂಜೆಗೆ. ಎಪಿಎಂಸಿ ಯಾರ್ಡಿನಲ್ಲಿ ಚೀಲ ಇಳಿಸುವವರು, ದುಡ್ಡು ಎಣಿಸುವವರು ಗಂಡಸರು. ಹಾಗಾಗಿ ಕೊಬ್ಬರಿ ಅಂದರೆ ತಾತನ ವ್ಯವಹಾರ ಅಂತ ನೀನೂ ಅಂದುಕೊಂಡಿರಬಹುದು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಹೆಂಚು ಸೋರಿತು, ಇಲಿ ಕಡಿಯಿತು ಅಂದರೆ ವರ್ಷದ ದುಡಿಮೆ ಅಟ್ಟದ ಮೇಲೇ ಕೊಳೆಯುತ್ತದೆ. ಆ ಅಟ್ಟ ಪೂರ್ತಿ ಅಕ್ಕನದು. ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸುವಳು. ಗುಳುಗುಳು ಅಂದರೆ ಇನ್ನೂ ನೀರಿದೆ, ವಾಪಸ್ ಮೇಲಕ್ಕೆ. ಗಟಗಟ ಅಂದರೆ ಉಂಡೆ ಬಿಟ್ಟಿದೆ. ಸದ್ದೇ ಇಲ್ಲದಿದ್ದರೆ ಮೂಗಿನ ಹತ್ತಿರ ತಂದು ನೋಡುವಳು.

ಒಡೆಯುವುದಂತೂ ಇನ್ನೂ ನಾಜೂಕು. ಎಡಗೈಯಲ್ಲಿ ಸುಲಿದ ಕಾಯಿ, ಬಲಗೈಯಲ್ಲಿ ಮಚ್ಚು. ಸುತ್ತಲೂ ತಟ್ಟಿ ತಟ್ಟಿ ಚಿಪ್ಪನ್ನು ಬಿಡಿಸಬೇಕು, ಒಳಗಿನ ಉಂಡೆಗೆ ಏಟು ತಗಲಬಾರದು. ಉಂಡೆ ಸೀಳಿತೋ, ರೇಟು ಬಿತ್ತು. ಅಕ್ಕ ನನ್ನ ಜೊತೆ ಮಾತಾಡುತ್ತಾ, ಬಾಗಿಲ ಕಡೆ ನೋಡುತ್ತಾ ಒಡೆಯುವಳು, ಉಂಡೆ ಇಡಿಯಾಗಿ ಮಡಿಲಿಗೆ ಬೀಳುತ್ತಿತ್ತು. ಎಡಗೈ ಹೆಬ್ಬೆರಳಿನ ಉಗುರು ಎಷ್ಟೋ ಸಲ ಏಟು ತಿಂದು ಕೊನೆಗೆ ಸರಿಯಾಗಿ ಬೆಳೆಯಲೇ ಇಲ್ಲ. ನೀನು ಚಿಕ್ಕವಳಿದ್ದಾಗ ಆ ಬೆರಳನ್ನೇ ಹಿಡಿದುಕೊಂಡು ಮಲಗುತ್ತಿದ್ದೆ, ಜ್ಞಾಪಕ ಇದೆಯಾ? ಚಿಪ್ಪನ್ನು ಇದ್ದಿಲು ಮಾಡುವವರು ಬಂದು ಕೊಳ್ಳುತ್ತಿದ್ದರು. ಆ ದುಡ್ಡು ಮಾತ್ರ ಅವಳದು, ಅದನ್ನು ಯಾರೂ ಕೇಳುವ ಹಾಗಿರಲಿಲ್ಲ. ಮಕ್ಕಳ ಪರೀಕ್ಷೆ ಫೀಸು, ನನ್ನ ಎರಡನೇ ಬಾಣಂತನದ ಖರ್ಚು, ಎಲ್ಲ ಅದರಿಂದ.

ಗಂಡ ಹೆಂಡತಿ ಬಗ್ಗೆ ಬರೆಯುವಾಗ ಆದರ್ಶ ದಂಪತಿ ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡ. ನಿನ್ನ ತಾತ ಮಾತು ಕಡಿಮೆ. ಊರಿನವರ ಎದುರಿಗೆ ಹೆಂಡತಿಯನ್ನು ಏನೂ ಕೇಳಿದವರಲ್ಲ. ಆದರೆ ರಾತ್ರಿ ಊಟ ಆದಮೇಲೆ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಈ ವಾರ ಬಿಡೋಣವೋ, ಇಟ್ಕೊಳ್ಳೋಣವೋ?" ಅಂತ ಕೇಳದೆ ಒಂದು ಚೀಲ ಕೊಬ್ಬರಿಯನ್ನೂ ಮಂಡಿಗೆ ಕಳಿಸಲಿಲ್ಲ. ಅವಳು ಮನೆಯಲ್ಲಿ ಎಷ್ಟು ಅಕ್ಕಿ ಇದೆ, ಯಾರ ಮದುವೆ ಬರ್ತಿದೆ, ಯಾರಿಗೆ ಕೊಡಬೇಕು ಅಂತೆಲ್ಲ ಲೆಕ್ಕ ಹಾಕಿ ಹೇಳುವಳು. ಒಮ್ಮೊಮ್ಮೆ ಜಗಳವೂ ಆಗುತ್ತಿತ್ತು. ಜಗಳ ಆದ ಮಾರನೇ ದಿನ ಇಬ್ಬರೂ ನನ್ನ ಮೂಲಕ ಮಾತಾಡುವರು. ಇದನ್ನು ಧಾರಾಳವಾಗಿ ಬರೆ. ಅವರ ಪ್ರೀತಿ ಇದ್ದದ್ದೇ ಆ ಜಗಲಿಯ ಮೇಲೆ.

ಈಗ ಹೇಳುವುದನ್ನು ಮಾತ್ರ ಬಿಡಲೇಬೇಡ. 1994ರಲ್ಲಿ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಅಂತ ಕಾನೂನು ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ ಅಂತಿತ್ತು. ಆ ಅಡ್ಡಿ ಹೋದದ್ದು 2005ರ ಕೇಂದ್ರದ ತಿದ್ದುಪಡಿಯಲ್ಲಿ. ನಮ್ಮ ಮನೆ ಭಾಗ ಆದದ್ದು 1998ರಲ್ಲಿ. ನಿನ್ನ ಅಮ್ಮನ ಮದುವೆ 1991ರಲ್ಲೇ ಆಗಿತ್ತು. ಚಿಕ್ಕವಳಿಗೆ ಪಾಲು ಉಂಟು, ದೊಡ್ಡವಳಿಗೆ ಇಲ್ಲ ಅಂತ ಪಂಚಾಯಿತಿಗೆ ಕೂತವರೆಲ್ಲ ಹೇಳಿದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿಯೇ. ಅಲ್ಲಿಯವರೆಗೆ ಒಳಗೆ ಕಾಫಿ ಸೋಸುತ್ತಿದ್ದ ಅಕ್ಕ ಲೋಟ ಕೆಳಗಿಟ್ಟು ನಡುಮನೆಗೆ ಬಂದಳು. "ಮದುವೆ ಯಾವಾಗ ಆದ್ರೇನು, ಇಬ್ರೂ ನನ್ನ ಹೊಟ್ಟೇಲೇ ಹುಟ್ಟಿದ್ದು. ದೊಡ್ಡವಳಿಗೆ ಇಲ್ಲ ಅನ್ನೋ ಕಾಗದಕ್ಕೆ ಇವರು ಸೈನ್ ಹಾಕಲ್ಲ" ಅಂದಳು. ನಿನ್ನ ತಾತ ತಲೆ ತಗ್ಗಿಸಿ ಕೂತಿದ್ದವರು ಎದ್ದು ಬಂದು ಅವಳ ಪಕ್ಕ ನಿಂತರು. ಅಷ್ಟೇ, ಮಾತಿಲ್ಲ. ನಿನ್ನ ಅಮ್ಮನ ಹೆಸರಿಗೆ ಕೆರೆ ಕಡೆಯ ತೋಟ ಬಂದದ್ದು ಹಾಗೆ. ನಿನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಆ ಮರಗಳ ಕಾಯಿಯಿಂದ. ಇಂಥವಳನ್ನು ಸಹನಾಮೂರ್ತಿ ಅಂತ ಕರೆದು ಸುಮ್ಮನಾದರೆ ನನಗೆ ಸಮಾಧಾನ ಆಗೋದಿಲ್ಲ.

ಅವಳು ದಣಿದದ್ದನ್ನೂ ಬರೆ. ತಾತನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಅವಳೇ ನೋಡಿಕೊಂಡಳು, ಎಲ್ಲರಿಗೂ ಗೊತ್ತು. ಒಂದು ಮಧ್ಯಾಹ್ನ ಹಿತ್ತಲ ಕಲ್ಲಿನ ಮೇಲೆ ಕೂತು, "ಸಾಕಾಗಿದೆ ಕಣೇ, ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಬೇಕು" ಅಂತ ಅತ್ತಳು. ಆ ರಾತ್ರಿ ನಾನು ಎಚ್ಚರವಿದ್ದೆ, ಅವಳು ಮಲಗಿದಳು. ಇದನ್ನು ಹೇಳಿದರೆ ಅವಳ ಮರ್ಯಾದೆ ಕಡಿಮೆಯಾಗುತ್ತದೆ ಅಂತ ನಿನ್ನ ಮಾವ ಅಂದಾನು. ನೀನು ಕೇಳಬೇಡ. ಆಯಾಸವೇ ಆಗದವಳು ಅಂತ ಬರೆದರೆ ಅವಳು ಪಟ್ಟ ಕಷ್ಟಕ್ಕೆ ಬೆಲೆ ಎಲ್ಲಿ ಬಂತು?

ಇನ್ನು ಮುಯ್ಯಿ ಪುಸ್ತಕ. ಮನೆಯ ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಯಾರು ಏನು ಕೊಟ್ಟರು ಅಂತ ಅಕ್ಕ ಬರೆದಿಟ್ಟಿರುವ ಕೆಂಪು ರಟ್ಟಿನ ಉದ್ದ ಪುಸ್ತಕ. ಅವಳು ಓದಿದ್ದು ನಾಲ್ಕನೇ ಕ್ಲಾಸು, ಅಕ್ಷರ ಮಾತ್ರ ಮುತ್ತು. ಹೆಸರು, ಊರು, ಹನ್ನೊಂದು ರೂಪಾಯಿ, ಸ್ಟೀಲ್ ಚೊಂಬು, ರವಿಕೆ ಬಟ್ಟೆ. ತೀರಿಸಿದ ಮೇಲೆ ಪಕ್ಕದಲ್ಲಿ ಒಂದು ಗೀಟು. ನಿನ್ನ ಅಮ್ಮನ ಮದುವೆಯ ಪುಟ ತೆಗೆದು ನೋಡು. ಕೆಲವು ಹೆಸರಿನ ಮುಂದೆ ದುಡ್ಡೇ ಇಲ್ಲ. "ಎರಡು ದಿನ ಒಲೆ ಮುಂದೆ ಕೂತರು" ಅಂತಿದೆ. "ರಾತ್ರಿಯೆಲ್ಲ ಹೋಳಿಗೆ ತಟ್ಟಿದರು" ಅಂತಿದೆ. ಕೊಡೋಕೆ ಕೈಯಲ್ಲಿ ಏನೂ ಇಲ್ಲದವರು ದುಡಿದದ್ದನ್ನೂ ಅವಳು ಮುಯ್ಯಿ ಅಂತಲೇ ಬರೆದಳು. ಅವರ ಮನೆಯಲ್ಲಿ ಕಾರ್ಯ ಆದಾಗ ಸೆರಗು ಸಿಕ್ಕಿಸಿಕೊಂಡು ಹೋಗಿ ಅಷ್ಟೇ ಹೊತ್ತು ಒಲೆ ಮುಂದೆ ಕೂತು ಬಂದಳು, ಬಂದು ಗೀಟು ಹಾಕಿದಳು. ನೀನು ಹತ್ತು ಪುಟ ಬರೆದರೂ ಅವಳ ಗುಣ ಇದಕ್ಕಿಂತ ಚೆನ್ನಾಗಿ ತಿಳಿಯೋದಿಲ್ಲ ಪುಟ್ಟೀ. ಕೊನೆಯ ಪುಟಗಳಲ್ಲಿ ಗೀಟು ಬೀಳದ ಹೆಸರು ಇನ್ನೂ ಇವೆ. ಆ ಮನೆಗಳಿಗೆ ಈಗ ಹೋಗಬೇಕಾದವರು ನೀವು.

ಜನರನ್ನು ಕೇಳುವುದಕ್ಕೆ ತಡ ಮಾಡಬೇಡ. ಅವಳ ಜೊತೆ ಕೊಬ್ಬರಿ ಒಡೆಯೋಕೆ ಬರುತ್ತಿದ್ದವರಲ್ಲಿ ಈಗ ಒಬ್ಬಾಕೆ ಮಾತ್ರ ಇದ್ದಾಳೆ, ಕೋಟೆ ಹತ್ತಿರ ಮಗನ ಮನೆಯಲ್ಲಿ. ಕಿವಿ ಮಂದ, ನೆನಪು ಚೆನ್ನಾಗಿದೆ. ಮೊದಲು ಆಕೆಯ ಹತ್ತಿರ ಹೋಗು. ಹೋಗುವಾಗ ಎಲೆ ಅಡಿಕೆ ತಗೊಂಡು ಹೋಗು. "ಅಜ್ಜಿ ಹೇಗಿದ್ದರು" ಅಂತ ಕೇಳಬೇಡ, ಎಲ್ಲರೂ ದೇವರಂಥವಳು ಅಂತಾರೆ. "ಅಜ್ಜಿಗೆ ಸಿಟ್ಟು ಯಾವಾಗ ಬರುತ್ತಿತ್ತು, ಯಾವುದಕ್ಕೆ ನಗುತ್ತಿದ್ದರು" ಅಂತ ಕೇಳು. ಮಾತು ತಾನಾಗಿ ಬರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೋ, ಆದರೆ ಕೇಳಿ ಮಾಡು. ಹಳೇ ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಸಿಕೋ. ನಾನೂ ಹೋದಮೇಲೆ ಅರ್ಧ ಮುಖಗಳು ನಿಮಗೆ ಯಾರಂತಲೇ ಗೊತ್ತಾಗೋದಿಲ್ಲ.

ಎಡೆಯ ವಿಷಯ. ಹೋದ ಸಲ ಹೋಳಿಗೆ ಇಟ್ಟರು. ಹೋಳಿಗೆ ಅವಳು ಮಾಡುತ್ತಿದ್ದದ್ದು ನಿಮಗೋಸ್ಕರ. ಅವಳಿಗೆ ಇಷ್ಟ ಇದ್ದದ್ದು ಆರಿದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಪುಡಿ, ಮೇಲೊಂದು ಚೂರು ಬೆಲ್ಲ. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ನಾವಿಬ್ಬರೂ ಅಟ್ಟದ ಏಣಿ ಕೆಳಗೆ ಕೂತು ತಿನ್ನುತ್ತಿದ್ದೆವು. ಈ ಸಲ ರೊಟ್ಟಿ ನಾನು ತಟ್ಟುತ್ತೇನೆ, ಪುಡಿ ನೀನು ಕುಟ್ಟು. ಅಳತೆ ಹೇಳಿಕೊಡುತ್ತೇನೆ.

ತಿಥಿಗೆ ಎರಡು ದಿನ ಮುಂಚೆಯೇ ಬಾ, ಬೆಳಗಿನ ರೈಲಿಗೆ ಬಂದರೆ ಒಳ್ಳೇದು. ಮುಯ್ಯಿ ಪುಸ್ತಕ ಬೀರುವಿನಿಂದ ತೆಗೆದಿಡೋಕೆ ನಿನ್ನ ಮಾವನಿಗೆ ಹೇಳಿದ್ದೇನೆ. ಬರೆದದ್ದನ್ನು ಮೊದಲು ನನಗೆ ಓದಿ ಹೇಳು. ಕಣ್ಣು ಮಂಜಾಗಿದೆ, ಸ್ವಲ್ಪ ಜೋರಾಗಿ ಓದಬೇಕು.

ನಿನ್ನ
ಚಿಕ್ಕಜ್ಜಿ